ಇಎಂಎಸ್ ತಗೊಳ್ಳೋಣ ಅಂದುಕೊಂಡಿದ್ದೀರಾ? ಸೇರುವ ಮುಂಚೆ, ಸೇರಿದ ಮೇಲೆ ಮಾಡಬೇಕಾದ್ದು

ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಮೂರೂ ಸೇರಿದ ಡಿಗ್ರಿಯನ್ನು ಬೆಂಗಳೂರಿನ ಕಾಲೇಜುಗಳಲ್ಲಿ ಎಲ್ಲರೂ ಇಎಂಎಸ್ ಅಂತಲೇ ಕರೆಯುತ್ತಾರೆ. ಪಿಯುಸಿ ರಿಸಲ್ಟ್ ಬಂದ ಮೇಲೆ ಇದರ ಬಗ್ಗೆ ವಿಚಾರಿಸುವವರಲ್ಲಿ ಎರಡು ತರಹದವರು. ಇಂಜಿನಿಯರಿಂಗ್ ಬೇಡ, ಆದರೆ ಗಣಿತ ಬಿಡೋಕೆ ಮನಸ್ಸಿಲ್ಲ ಅನ್ನುವವರು ಒಂದು ಕಡೆ. ಬಿಕಾಂ ಬೇಡ, ಎಕನಾಮಿಕ್ಸ್ ಇಷ್ಟ, ಜೊತೆಗೆ ಇನ್ನೆರಡು ಇದ್ದರೆ ಇರಲಿ ಅನ್ನುವವರು ಇನ್ನೊಂದು ಕಡೆ. ಮೊದಲನೆಯವರು ಸಾಮಾನ್ಯವಾಗಿ ಚೆನ್ನಾಗಿ ಹೊಂದಿಕೊಳ್ಳುತ್ತಾರೆ. ಎರಡನೆಯವರು ಫಾರಂ ತುಂಬುವ ಮುಂಚೆ ಸ್ವಲ್ಪ ಕೂತು ಯೋಚಿಸಬೇಕು. ಹೆಸರಲ್ಲಿ ಅರ್ಥಶಾಸ್ತ್ರ ಮೊದಲು ಬಂದರೂ ನಿಮ್ಮ ಸಂಜೆಗಳನ್ನು ತಿನ್ನುವುದು ಗಣಿತವೇ.

ಮೊದಲು ನಿಮ್ಮ ಗಣಿತ ಎಷ್ಟಿದೆ ನೋಡಿಕೊಳ್ಳಿ

ಪಿಯುಸಿ ಸೈನ್ಸ್‌ನಲ್ಲಿ ಪಿಸಿಎಂಎಸ್, ಪಿಸಿಎಂಸಿ, ಪಿಸಿಎಂಬಿ ಓದಿದವರಿಗೆ ಗಣಿತದ ತಳಪಾಯ ಇರುತ್ತದೆ. ಕಾಮರ್ಸ್‌ನಲ್ಲಿ ಸೆಬಾ (ಸ್ಟ್ಯಾಟಿಸ್ಟಿಕ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ) ಓದಿದವರಿಗೆ ಸಂಖ್ಯಾಶಾಸ್ತ್ರವೂ ಅರ್ಥಶಾಸ್ತ್ರವೂ ಗೊತ್ತು, ಆದರೆ ಗಣಿತವೇ ಇರುವುದಿಲ್ಲ. ಕಾಮರ್ಸ್‌ನಲ್ಲಿ ಬೇಸಿಕ್ ಮ್ಯಾಥ್ಸ್ ತಗೊಂಡವರು ಮಧ್ಯದಲ್ಲಿ ನಿಲ್ಲುತ್ತಾರೆ. ಕೆಲವು ಕಾಲೇಜುಗಳು ಬೇಸಿಕ್ ಮ್ಯಾಥ್ಸ್ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಪ್ರಾಸ್ಪೆಕ್ಟಸ್‌ನಲ್ಲಿ ಅರ್ಹತೆಯ ಸಾಲನ್ನು ನೀವೇ ಓದಿ, ಗೆಳೆಯರ ಮಾತು ನಂಬಬೇಡಿ.

ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಒಂದು ಖಾಲಿ ಹಾಳೆ ತಗೊಳ್ಳಿ. ಎಕ್ಸ್² ಮತ್ತು ಲಾಗ್ ಎಕ್ಸ್ ಇವುಗಳ ಗುಣಲಬ್ಧವನ್ನು ಡಿಫರೆನ್ಶಿಯೇಟ್ ಮಾಡಿ. ಮೂರು ಸಾಲು ಮೂರು ಕಂಬದ ಒಂದು ಮ್ಯಾಟ್ರಿಕ್ಸ್‌ನ ಡಿಟರ್ಮಿನೆಂಟ್ ತೆಗೆಯಿರಿ. ಎರಡರ ವರ್ಗಮೂಲ ಯಾಕೆ ಭಿನ್ನರಾಶಿ ಆಗಲಾರದು ಅಂತ ನಿಮ್ಮ ಮಾತಲ್ಲಿ ಬರೆಯಿರಿ. ಮೊದಲೆರಡು ಬರದಿದ್ದರೆ ಚಿಂತೆ ಇಲ್ಲ, ರಜೆಯಲ್ಲಿ ಕಲಿಯಬಹುದು. ಮೂರನೆಯದು ಬಂತಾ ಇಲ್ಲವಾ ಅನ್ನುವುದಕ್ಕಿಂತ, ಅದರ ಮುಂದೆ ಅರ್ಧ ಗಂಟೆ ಕೂರುವಾಗ ನಿಮಗೆ ಕುತೂಹಲ ಬಂತಾ, ಸಿಟ್ಟು ಬಂತಾ ಅನ್ನುವುದನ್ನು ಗಮನಿಸಿ. ಬರೀ ಸಿಟ್ಟೇ ಬಂದಿದ್ದರೆ ಬಿಎ ಎಕನಾಮಿಕ್ಸ್ ಅಥವಾ ಬಿಕಾಂ ನಿಮಗೆ ಸುಖವಾದ ದಾರಿ. ಅದರಲ್ಲಿ ಕೀಳರಿಮೆ ಏನಿಲ್ಲ.

ಪಿಯುಸಿ ಪರೀಕ್ಷೆ ಮುಗಿದು ಡಿಗ್ರಿ ಶುರುವಾಗುವವರೆಗಿನ ರಜೆ ಈ ಅಂತರ ತುಂಬಲು ಸಾಕು. ಸೈನ್ಸ್‌ನವರ ಪಿಯುಸಿ ಗಣಿತ ಪುಸ್ತಕ ತಗೊಂಡು ಲಿಮಿಟ್, ಡಿಫರೆನ್ಸಿಯೇಷನ್, ಇಂಟಿಗ್ರೇಷನ್, ಮ್ಯಾಟ್ರಿಕ್ಸ್, ಪ್ರಾಬಬಿಲಿಟಿ ಇಷ್ಟನ್ನೇ ಮಾಡಿ. ಟ್ರಿಗನಾಮೆಟ್ರಿ ಬೇಕಾದಷ್ಟು ಮಾತ್ರ ನೋಡಿಕೊಳ್ಳಿ. ಶಂಕುಛೇದಗಳನ್ನು ಸದ್ಯಕ್ಕೆ ಬಿಟ್ಟರೂ ನಡೆಯುತ್ತದೆ.

ಕಾಲೇಜು ಆರಿಸುವಾಗ

ಬೆಂಗಳೂರಿನ ಕ್ರೈಸ್ಟ್, ಸೇಂಟ್ ಜೋಸೆಫ್ಸ್‌ನಂಥ ಕಡೆ ಈ ಕಾಂಬಿನೇಷನ್ ಬಹಳ ವರ್ಷಗಳಿಂದ ಹೆಸರುವಾಸಿ. ನಡುವೆ 2021-22ರಲ್ಲಿ ಹೊಸ ಶಿಕ್ಷಣ ನೀತಿ ಬಂದು, ನಾಲ್ಕು ವರ್ಷದ ಆನರ್ಸ್ ಪದ್ಧತಿ ಶುರುವಾಗಿ, ಮೂರು ವಿಷಯದ ಹಳೆ ಕಾಂಬಿನೇಷನ್‌ಗಳು ಏರುಪೇರಾದವು. 2024-25ರಿಂದ ರಾಜ್ಯ ಸರ್ಕಾರ ಮೂರು ವರ್ಷದ ಡಿಗ್ರಿಗೂ ಮೂರು ಮುಖ್ಯ ವಿಷಯಗಳಿಗೂ ವಾಪಸ್ ಬಂದಿದೆ. ಆದರೆ ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಲೆಕ್ಕ ಬೇರೆ, ಅಲ್ಲಿ ನಾಲ್ಕನೇ ವರ್ಷ ಇರಬಹುದು. ನೀವು ಸೇರುವ ಕಡೆ ಎಷ್ಟು ವರ್ಷ, ಮೂರನೇ ವರ್ಷಕ್ಕೆ ಮೂರೂ ವಿಷಯ ಮುಂದುವರಿಯುತ್ತವಾ, ಇಲ್ಲಾ ಒಂದನ್ನು ಬಿಡಬೇಕಾ? ಈ ಪ್ರಶ್ನೆಯನ್ನು ಆಫೀಸಿನಲ್ಲಿ ಕೇಳಿಯೇ ಬನ್ನಿ. ಇದು ಯಾಕೆ ಮುಖ್ಯ ಅಂತ ಕೆಲಸದ ವಿಷಯ ಬಂದಾಗ ಹೇಳುತ್ತೇನೆ.

ಸರ್ಕಾರಿ ವಿಶ್ವವಿದ್ಯಾಲಯಗಳ ಅಡಿಯ ಕಾಲೇಜಾದರೆ ಯುಯುಸಿಎಂಎಸ್ ಅನ್ನುವ ರಾಜ್ಯದ ಆನ್‌ಲೈನ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಅಲ್ಲಿ ಹೆಸರು, ಹುಟ್ಟಿದ ದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇರಲಿ.

ಬಿಎ ಕೊಡುತ್ತಾರಾ ಬಿಎಸ್ಸಿ ಕೊಡುತ್ತಾರಾ ಅನ್ನುವುದರ ಬಗ್ಗೆ ಮನೆಯಲ್ಲಿ ಬಹಳ ಚರ್ಚೆ ಆಗುತ್ತದೆ. ನನ್ನ ಲೆಕ್ಕದಲ್ಲಿ ಅದು ಅಷ್ಟು ದೊಡ್ಡ ವಿಷಯವಲ್ಲ. ಒಳಗೆ ಯಾವ ಯಾವ ಪೇಪರ್ ಇದೆ ಅನ್ನುವುದು ದೊಡ್ಡದು. ಸಿಲಬಸ್ ಇಳಿಸಿಕೊಂಡು ಮೂರು ಹೆಸರು ಹುಡುಕಿ: ರಿಯಲ್ ಅನಾಲಿಸಿಸ್ (ಕ್ಯಾಲ್ಕುಲಸ್‌ನ ಹಿಂದಿರುವ ಸಾಧನೆಗಳು), ಲೀನಿಯರ್ ಆಲ್ಜೀಬ್ರಾ (ಮ್ಯಾಟ್ರಿಕ್ಸ್‌ನ ಮುಂದಿನ ಪಾಠ), ಎಕನಾಮೆಟ್ರಿಕ್ಸ್ (ಅರ್ಥಶಾಸ್ತ್ರದ ಪ್ರಶ್ನೆಗೆ ಡೇಟಾದಿಂದ ಉತ್ತರ ಹುಡುಕುವುದು). ಮೂರೂ ಇದ್ದರೆ ಗಟ್ಟಿ ಸಿಲಬಸ್. ಆಮೇಲೆ ಸಂಖ್ಯಾಶಾಸ್ತ್ರದ ಲ್ಯಾಬ್‌ಗೆ ಒಮ್ಮೆ ಇಣುಕಿ. ಕಂಪ್ಯೂಟರ್‌ನಲ್ಲಿ ಆರ್ ಅಥವಾ ಪೈಥಾನ್‌ನಂಥ ಪ್ರೋಗ್ರಾಮಿಂಗ್ ಭಾಷೆ ಓಡಿಸುತ್ತಾರಾ, ಇಲ್ಲಾ ಬರೀ ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಮಾಡಿಸಿ ರೆಕಾರ್ಡ್ ಬರೆಸುತ್ತಾರಾ? ಸೀನಿಯರ್‌ಗಳನ್ನು ಕೇಳಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಅರ್ಥಶಾಸ್ತ್ರದ ಮೇಷ್ಟ್ರು ಎಲ್ಲ ಕಡೆ ಸಿಗುತ್ತಾರೆ. ಗಣಿತ, ಸಂಖ್ಯಾಶಾಸ್ತ್ರಕ್ಕೆ ಕಾಯಂ ಅಧ್ಯಾಪಕರು ಇದ್ದಾರಾ ಅನ್ನುವುದನ್ನೇ ಜಾಸ್ತಿ ವಿಚಾರಿಸಿ.

ಹತ್ತಿರದ ಬೇರೆ ದಾರಿಗಳೂ ಇವೆ. ಅರ್ಥಶಾಸ್ತ್ರವೇ ಮುಖ್ಯ ಅನ್ನುವವರಿಗೆ ಬೆಂಗಳೂರಿನ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ. ಗಣಿತದಲ್ಲಿ ತುಂಬಾ ಗಟ್ಟಿಗರಾದರೆ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಪ್ರವೇಶ ಪರೀಕ್ಷೆ ಬರೆಯಿರಿ. ಕೋಲ್ಕತ್ತಾದಲ್ಲಿ ಬಿ.ಸ್ಟ್ಯಾಟ್, ನಮ್ಮ ಬೆಂಗಳೂರಿನ ಮೈಸೂರು ರಸ್ತೆಯ ಕೇಂದ್ರದಲ್ಲಿ ಬಿ.ಮ್ಯಾಥ್ ನಡೆಯುತ್ತದೆ. ಪರೀಕ್ಷೆ ಕಷ್ಟ. ಆದರೂ ಬರೆದು ನೋಡಲು ಏನೂ ಅಡ್ಡಿಯಿಲ್ಲ.

ಒಂದೇ ಲೆಕ್ಕ, ಮೂರು ಕ್ಲಾಸು

ಇಎಂಎಸ್‌ನವರು ಮೂರು ನೋಟ್‌ಬುಕ್ ಇಟ್ಟುಕೊಂಡು ಮೂರು ಬೇರೆ ಬೇರೆ ವಿಷಯ ಓದುತ್ತಿದ್ದೇವೆ ಅಂದುಕೊಳ್ಳುತ್ತಾರೆ. ಪರೀಕ್ಷೆಗಳೂ ಹಾಗೇ ನಡೆಯುತ್ತವೆ. ಮೇಷ್ಟ್ರುಗಳೂ ಒಬ್ಬರ ಕ್ಲಾಸಿನದ್ದು ಇನ್ನೊಬ್ಬರು ಕೇಳುವುದಿಲ್ಲ. ಆದರೆ ಈ ಡಿಗ್ರಿಯ ಬೆಲೆ ಇರುವುದು ಮೂರೂ ಕೂಡುವ ಜಾಗದಲ್ಲಿ. ಅದನ್ನು ನೀವೇ ಕೂಡಿಸಿಕೊಳ್ಳಬೇಕು. ಹೇಗೆ ಅಂತ ಒಂದು ಸಣ್ಣ ಲೆಕ್ಕದಲ್ಲೇ ನೋಡೋಣ.

ಕ್ಯಾಂಟೀನೊಂದರಲ್ಲಿ ಊಟದ ಬೆಲೆ ಪಿ ರೂಪಾಯಿ, ದಿನಕ್ಕೆ ಮಾರಾಟವಾಗುವ ಊಟ ಕ್ಯೂ ಅಂತ ಇಟ್ಟುಕೊಳ್ಳಿ. ಪಿ = 120 − ಕ್ಯೂ. ಒಂದು ಊಟ ಮಾಡಲು ತಗಲುವ ಖರ್ಚು 20 ರೂಪಾಯಿ. ಎಷ್ಟು ಊಟ ಮಾಡಿದರೆ ಲಾಭ ಜಾಸ್ತಿ?

ಅರ್ಥಶಾಸ್ತ್ರದ ಕ್ಲಾಸಿನಲ್ಲಿ ಇದನ್ನು ಚಿತ್ರ ಬರೆದು ಹೇಳುತ್ತಾರೆ. ಇನ್ನೊಂದು ಊಟದಿಂದ ಬರುವ ಹೆಚ್ಚುವರಿ ಆದಾಯ, ಅದಕ್ಕೆ ಆಗುವ ಹೆಚ್ಚುವರಿ ಖರ್ಚು, ಎರಡೂ ಸಮ ಆಗುವ ಕಡೆ ನಿಲ್ಲಿ ಅಂತ. ಗಣಿತದ ಕ್ಲಾಸಿನಲ್ಲಿ ಅದೇ ಮಾತು ಲಾಭ = 100ಕ್ಯೂ − ಕ್ಯೂ² ಆಗುತ್ತದೆ. ಮೊದಲ ಡಿರೈವೇಟಿವ್ 100 − 2ಕ್ಯೂ, ಅದು ಸೊನ್ನೆ ಆದಾಗ ಕ್ಯೂ 50. ಎರಡನೇ ಡಿರೈವೇಟಿವ್ −2, ಹಾಗಾಗಿ ಇದು ಗರಿಷ್ಠವೇ. ಬೆಲೆ 70 ರೂಪಾಯಿ, ದಿನದ ಲಾಭ 2,500.

ಇಲ್ಲಿಗೆ ಪರೀಕ್ಷೆಯ ಉತ್ತರ ಮುಗಿಯಿತು. ಸಂಖ್ಯಾಶಾಸ್ತ್ರದ ಪ್ರಶ್ನೆ ಈಗ ಶುರು. ಆ 120 ಎಲ್ಲಿಂದ ಬಂತು? ಕ್ಯೂ ಹಿಂದೆ ಇರುವ, ಬರೆಯದೇ ಬಿಟ್ಟ 1 ಎಲ್ಲಿಂದ ಬಂತು? ಕ್ಯಾಂಟೀನಿನವರು ಬೆಲೆ ಆಗಾಗ ಬದಲಿಸಿ, ಎಷ್ಟು ಊಟ ಖರ್ಚಾಯಿತು ಅಂತ ಬರೆದಿಟ್ಟಿದ್ದರೆ ಆ ಚುಕ್ಕಿಗಳ ಮಧ್ಯೆ ಒಂದು ಗೆರೆ ಹಾಯಿಸಿ ಅಂದಾಜು ಮಾಡಬೇಕು. ಅಂದಾಜು ಅಂದ ಮೇಲೆ ಅದರಲ್ಲಿ ತಪ್ಪು ಇದ್ದೇ ಇರುತ್ತದೆ.

ಈಗ ಆಟ ಆಡಿ. ಗೆರೆಯ ಇಳಿಜಾರು 1 ಅಲ್ಲ, 1.25 ಅಂತ ಇಟ್ಟುಕೊಳ್ಳಿ. ಲಾಭ 100ಕ್ಯೂ − 1.25ಕ್ಯೂ². ಕ್ಯೂ 40ಕ್ಕೆ ಇಳಿಯುತ್ತದೆ, ಲಾಭ 2,000ಕ್ಕೆ ಇಳಿಯುತ್ತದೆ. ಬೆಲೆ? 120 − 1.25 × 40, ಅಂದರೆ ಮತ್ತೆ 70 ರೂಪಾಯಿಯೇ! ಇಳಿಜಾರನ್ನು ತಪ್ಪು ಅಂದಾಜು ಮಾಡಿದರೂ ಹಾಕಬೇಕಾದ ಬೆಲೆ ಕದಲಲಿಲ್ಲ. ಇಳಿಜಾರು ಸರಿಯಿದ್ದು 120ರ ಬದಲು 100 ಇದ್ದರೆ ಮಾತ್ರ ಬೆಲೆ 60ಕ್ಕೆ ಬರುತ್ತದೆ. ಯಾಕೆ ಅಂತ ಅಕ್ಷರ ಇಟ್ಟು ಬಿಡಿಸಿ ನೋಡಿ. ಸರಿಯಾದ ಬೆಲೆ ಅನ್ನುವುದು 120 ಮತ್ತು 20ರ ಸರಿ ಮಧ್ಯದ ಬಿಂದು, ಅಷ್ಟೇ. ಗೆರೆ ನೇರವಾಗಿದ್ದರೆ ಇಳಿಜಾರಿಗೆ ಅಲ್ಲಿ ಕೆಲಸವೇ ಇಲ್ಲ. ಯಾವ ಅಂದಾಜಿನ ತಪ್ಪು ದುಬಾರಿ, ಯಾವುದು ಅಲ್ಲ ಅನ್ನುವ ಈ ತಿಳಿವಳಿಕೆ ಮೂರರಲ್ಲಿ ಯಾವ ಒಂದು ಕ್ಲಾಸಿನಲ್ಲೂ ಪೂರ್ತಿ ಸಿಗುವುದಿಲ್ಲ.

ಇನ್ನೂ ಒಂದು ಕೊಸರು ಇದೆ. ಪರೀಕ್ಷೆ ಮುಗಿದ ವಾರದಲ್ಲೇ ಕ್ಯಾಂಟೀನಿನವರು ಬೆಲೆ ಏರಿಸಿದ್ದರು ಅನ್ನಿ. ಹುಡುಗರೆಲ್ಲ ಊರಿಗೆ ಹೋಗಿದ್ದಾರೆ, ಊಟ ಕಮ್ಮಿ ಖರ್ಚಾಗಿದೆ. ಕಂಪ್ಯೂಟರ್ ಮಾತ್ರ "ಬೆಲೆ ಏರಿದ್ದಕ್ಕೆ ಜನ ಬರಲಿಲ್ಲ" ಅನ್ನುವಂತೆ ಗೆರೆ ಎಳೆದು ಕೊಡುತ್ತದೆ. ಮೂರನೇ ವರ್ಷದ ಎಕನಾಮೆಟ್ರಿಕ್ಸ್ ಬಹುಪಾಲು ಇದೇ ತಲೆನೋವಿನ ಸುತ್ತ ತಿರುಗುತ್ತದೆ.

ಹಾಗಾಗಿ ಒಂದು ಅಭ್ಯಾಸ ಮಾಡಿಕೊಳ್ಳಿ. ಮೂರು ನೋಟ್‌ಬುಕ್ ಜೊತೆ ಒಂದು ನಾಲ್ಕನೆಯದು ಇರಲಿ. ವಾರಕ್ಕೆ ಒಂದು ಪುಟ ಸಾಕು. ಗ್ರಾಹಕನ ಆಯ್ಕೆಯ ಪಾಠ ಬಂದ ವಾರ ಲಾಗ್ರಾಂಜ್ ವಿಧಾನದಲ್ಲಿ (ಮಿತಿಯೊಳಗೆ ಗರಿಷ್ಠ ಹುಡುಕುವ ಗಣಿತದ ವಿಧಾನ) ಅದೇ ಲೆಕ್ಕ ಬಿಡಿಸಿ. ಮ್ಯಾಟ್ರಿಕ್ಸ್ ಇನ್ವರ್ಸ್ ಕಲಿತ ವಾರ ಅದರಲ್ಲೇ ರಿಗ್ರೆಷನ್ (ಚುಕ್ಕಿಗಳ ಮಧ್ಯೆ ಗೆರೆ ಹಾಯಿಸುವ) ಸೂತ್ರ ಬರೆಯಿರಿ.

ಯಾವ ವರ್ಷ ಏನು ಕಾಡುತ್ತದೆ

ಮೊದಲ ವರ್ಷ ಹೆಚ್ಚು ಕಷ್ಟವಿಲ್ಲ. ಸರಾಸರಿ, ಮಧ್ಯಾಂಕ, ಪ್ರಾಬಬಿಲಿಟಿ, ಬೇಡಿಕೆ, ಪೂರೈಕೆ ಎಲ್ಲ ಪರಿಚಯದ ಮುಖಗಳೇ. ಈ ಹಗುರವೇ ಮೋಸ. ಇಲ್ಲಿ ಸುಮ್ನೆ ಕೂತವರು ಮೂರನೇ ಸೆಮಿಸ್ಟರ್‌ನಲ್ಲಿ ಒದ್ದಾಡುತ್ತಾರೆ.

ಹೆಚ್ಚಿನವರು ಎಡವುವುದು ರಿಯಲ್ ಅನಾಲಿಸಿಸ್‌ನಲ್ಲಿ. ಅಲ್ಲಿಯವರೆಗೆ ಗಣಿತ ಅಂದರೆ ಸೂತ್ರ ಹಾಕಿ ಉತ್ತರ ತೆಗೆಯುವುದು. ಇಲ್ಲಿ ಉತ್ತರ ಮೊದಲೇ ಗೊತ್ತು, ಸಾಧಿಸಿ ತೋರಿಸಬೇಕು. 1, 1/2, 1/3, 1/4 ಹೀಗೆ ಹೋಗುವ ಸರಣಿ ಸೊನ್ನೆಗೆ ಹೋಗುತ್ತದೆ ಅಂತ ಯಾರಿಗೆ ಗೊತ್ತಿಲ್ಲ? ಆದರೆ ಎದುರಿನವನು 0.01 ಅನ್ನುವ ಗಡಿ ಹಾಕಿದರೆ ನೀವು "ನೂರನೇ ಪದ ದಾಟಿದ ಮೇಲೆ ಎಲ್ಲವೂ ಆ ಗಡಿಯ ಒಳಗೇ" ಅನ್ನಬೇಕು. ಅವನು 0.001 ಅಂದರೆ ನೀವು ಸಾವಿರ ಅನ್ನಬೇಕು. ಅವನು ಯಾವ ಸಂಖ್ಯೆ ಹೇಳಿದರೂ ನಿಮ್ಮ ಹತ್ತಿರ ಉತ್ತರ ಇರಬೇಕು. ಎಪ್ಸಿಲಾನ್ ವ್ಯಾಖ್ಯೆ ಅಂದರೆ ಈ ಜಟಾಪಟಿಯೇ. ಬಾಯಿಪಾಠ ಮಾಡಿದರೆ ಪಾಸಾಗಬಹುದು, ಎಂಎಸ್ಸಿ ಪ್ರವೇಶ ಪರೀಕ್ಷೆಯಲ್ಲಿ ಮಾತ್ರ ಸಿಕ್ಕಿಬೀಳುತ್ತೀರಿ. ಪ್ರಮೇಯ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಬರೆಯಿರಿ. ಎಲ್ಲಿ ನಿಂತಿತೋ ಆ ಸಾಲನ್ನು ಮಾತ್ರ ತೆರೆದು ನೋಡಿ. ದಿನಕ್ಕೆ ಒಂದು ಸಾಕು, ಆದರೆ ದಿನಾ ಆಗಬೇಕು.

ಎರಡನೇ ವರ್ಷದ ಸುಮಾರಿಗೆ ಸಂಖ್ಯಾಶಾಸ್ತ್ರದಲ್ಲಿ ಎಸ್ಟಿಮೇಷನ್, ಅಂದರೆ ಅಂದಾಜು ಮಾಡುವ ಪಾಠ ಬರುತ್ತದೆ. ಅಲ್ಲಿ ಕ್ರಾಮೆರ್-ರಾವ್ ಅಸಮಾನತೆ, ರಾವ್-ಬ್ಲ್ಯಾಕ್‌ವೆಲ್ ಪ್ರಮೇಯ ಅಂತ ಎರಡು ಹೆಸರು ನೋಡುತ್ತೀರಿ. ಆ ರಾವ್, ಸಿ.ಆರ್. ರಾವ್, 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಆ ಎರಡೂ ಫಲಿತಾಂಶ ಇದ್ದ ಅವರ ಲೇಖನ 1945ರಲ್ಲಿ ಬಂತು, ಆಗ ಅವರಿಗೆ ಇಪ್ಪತ್ತೈದರ ಆಸುಪಾಸು. ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಬಂದಿದ್ದು 2023ರಲ್ಲಿ, ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು. ಎಷ್ಟೇ ಜಾಣತನದಿಂದ ಅಂದಾಜು ಮಾಡಿದರೂ ತಪ್ಪು ಒಂದು ಮಟ್ಟಕ್ಕಿಂತ ಕೆಳಗೆ ಇಳಿಯಲಾರದು ಅನ್ನುವುದು ಆ ಅಸಮಾನತೆಯ ಸಾರ. ಕ್ಯಾಂಟೀನಿನ 120ಕ್ಕೂ ಅದು ಅನ್ವಯಿಸುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಗಣಿತ, ಸಂಖ್ಯಾಶಾಸ್ತ್ರದಲ್ಲಿ ಇಂಗ್ಲಿಷಿನ ತೊಡಕು ಒಂದೆರಡು ತಿಂಗಳಲ್ಲಿ ಕರಗುತ್ತದೆ, ಚಿಹ್ನೆಗಳೇ ಜಾಸ್ತಿ ಮಾತಾಡುತ್ತವೆ. ಅರ್ಥಶಾಸ್ತ್ರದ ಉದ್ದದ ಉತ್ತರಗಳಿಗೆ ಹೆಚ್ಚು ಸಮಯ ಬೇಕು. ಹಳೆ ಪ್ರಶ್ನೆಪತ್ರಿಕೆ ತಗೊಂಡು ವಾರಕ್ಕೊಂದು ಹತ್ತು ಅಂಕದ ಉತ್ತರ ಬರೆದು ಮೇಷ್ಟ್ರಿಗೆ ತೋರಿಸಿ. ಚಿತ್ರ, ಸಮೀಕರಣ ಜೊತೆಗಿದ್ದರೆ ಭಾಷೆಯ ಸಣ್ಣಪುಟ್ಟ ತಪ್ಪು ಯಾರೂ ಲೆಕ್ಕಕ್ಕೆ ಇಡುವುದಿಲ್ಲ.

ಪ್ರಾಕ್ಟಿಕಲ್ ರೆಕಾರ್ಡ್ ವಿಷಯ ಎಲ್ಲರಿಗೂ ಗೊತ್ತು. ಸಬ್‌ಮಿಷನ್ ಹಿಂದಿನ ರಾತ್ರಿ ಇಡೀ ಕ್ಲಾಸು ಒಂದೇ ರೆಕಾರ್ಡ್ ನೋಡಿ ಬರೆಯುತ್ತದೆ. ಬರೆಯಿರಿ, ಆದರೆ ಲೆಕ್ಕವನ್ನು ಒಮ್ಮೆಯಾದರೂ ನೀವೇ ಮಾಡಿ.

ಕೈಯಾರೆ ಒಂದು ಡೇಟಾ ಕೆಲಸ

ಎರಡನೇ ವರ್ಷ ಮುಗಿಯುವುದರೊಳಗೆ ಒಂದು ಸ್ವಂತ ಪ್ರಾಜೆಕ್ಟ್ ಮಾಡಿ. ಆರ್ ಉಚಿತ, ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಕಲಿಯಲು ಸ್ವಯಂ, ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ತಾಣಗಳಲ್ಲಿ ಪಾಠಗಳು ಪುಕ್ಕಟೆ ಸಿಗುತ್ತವೆ. ಷೇರು ಮಾರುಕಟ್ಟೆ ಎಲ್ಲರೂ ಮಾಡುತ್ತಾರೆ, ಬಿಡಿ. ನಿಮ್ಮ ಊರಿನ ಮಂಡಿಗೆ ಬನ್ನಿ. ಕೋಲಾರದವರಿಗೆ ಟೊಮೆಟೊ, ಬ್ಯಾಡಗಿಯವರಿಗೆ ಮೆಣಸಿನಕಾಯಿ, ಶಿವಮೊಗ್ಗದವರಿಗೆ ಅಡಿಕೆ. ಆವಕ (ಮಂಡಿಗೆ ಬಂದ ಮಾಲು) ಎಷ್ಟು, ಬೆಲೆ ಎಷ್ಟು ಅನ್ನುವ ದಿನದ ಲೆಕ್ಕ ರಾಜ್ಯದ ಕೃಷಿ ಮಾರಾಟ ವಾಹಿನಿ ತಾಣದಲ್ಲೂ, ಕೇಂದ್ರದ ಅಗ್‌ಮಾರ್ಕ್‌ನೆಟ್‌ನಲ್ಲೂ ಸಿಗುತ್ತದೆ.

ಮೊದಲು ಇಳಿಸಿಕೊಂಡು ಕಣ್ಣಲ್ಲಿ ನೋಡಿ. ಮಾರುಕಟ್ಟೆ ರಜಾ ದಿನಗಳಲ್ಲಿ ಸಾಲೇ ಇರುವುದಿಲ್ಲ. ಅದನ್ನು ಸೊನ್ನೆ ಅಂತ ತುಂಬಿದರೆ ಸರಾಸರಿ ಕೆಡುತ್ತದೆ. ಕನಿಷ್ಠ, ಗರಿಷ್ಠ, ಮೋಡಲ್ (ಹೆಚ್ಚು ವಹಿವಾಟು ನಡೆದ) ಬೆಲೆ ಅಂತ ಮೂರು ಅಂಕಣ ಇರುತ್ತವೆ, ಯಾವುದನ್ನು ತಗೊಂಡಿರಿ ಅಂತ ಬರೆದಿಡಿ. ಬೆಲೆ ಕ್ವಿಂಟಲ್‌ಗೆ ಇರುತ್ತದೆ, ಕೆಜಿಗಲ್ಲ. ಒಂದು ದಿನ ಬೆಲೆ ಹತ್ತು ಪಟ್ಟು ಜಿಗಿದಿದ್ದರೆ ಯಾರೋ ಟೈಪ್ ಮಾಡುವಾಗ ಒಂದು ಸೊನ್ನೆ ಜಾಸ್ತಿ ಒತ್ತಿರಬಹುದು. ಹಿಂದಿನ ದಿನ, ಮುಂದಿನ ದಿನ ನೋಡಿ ತೀರ್ಮಾನಿಸಿ. ಪ್ರಾಜೆಕ್ಟ್‌ನ ಅರ್ಧ ಸಮಯ ಇದಕ್ಕೇ ಹೋಗುತ್ತದೆ, ಹೋಗಲಿ.

ಆಮೇಲೆ ಬೆಲೆ ಮತ್ತು ಆವಕದ ಚಿತ್ರ ಬರೆಯಿರಿ. ರಿಗ್ರೆಷನ್ ಓಡಿಸಿ. ಬಂದ ಗೆರೆ ಬೇಡಿಕೆಯದೋ ಪೂರೈಕೆಯದೋ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಮಳೆ ಹೆಚ್ಚಾಗಿ ಬೆಳೆ ಕೆಟ್ಟ ದಿನ ಆವಕ ಕಮ್ಮಿ, ಬೆಲೆ ಜಾಸ್ತಿ. ಹಬ್ಬದ ಹಿಂದಿನ ದಿನ ಎರಡೂ ಜಾಸ್ತಿ. ಎರಡು ತರಹದ ದಿನಗಳನ್ನೂ ಒಟ್ಟಿಗೆ ಕಲಸಿದರೆ ಬರುವ ಸಂಖ್ಯೆಗೆ ಅರ್ಥವೇ ಇರುವುದಿಲ್ಲ. ಇದನ್ನು ನಾಲ್ಕು ಪುಟದ ವರದಿಯಲ್ಲಿ ಪ್ರಾಮಾಣಿಕವಾಗಿ ಬರೆದರೆ, ಇಂಟರ್‌ವ್ಯೂನಲ್ಲಿ ಕೂತವರು ನಿಮ್ಮ ಅಂಕಪಟ್ಟಿ ಬದಿಗಿಟ್ಟು ಅದರ ಬಗ್ಗೆಯೇ ಕೇಳುತ್ತಾರೆ.

ದೊಡ್ಡ ಡೇಟಾ ಬೇಕಾದವರಿಗೆ ಕೇಂದ್ರ ಸಾಂಖ್ಯಿಕ ಸಚಿವಾಲಯದ ಕುಟುಂಬ ವೆಚ್ಚ ಸಮೀಕ್ಷೆ, ಕಾರ್ಮಿಕ ಸಮೀಕ್ಷೆಗಳ ಮೂಲ ಕಡತಗಳೇ ಉಚಿತವಾಗಿ ಸಿಗುತ್ತವೆ. ಮೂರನೇ ವರ್ಷಕ್ಕೆ ಅವು ಒಳ್ಳೆಯವು.

ಮುಂದೆ ಏನು

ಕಾರ್ಪೊರೇಟ್ ಕಡೆಗೆ ಹೋಗುವವರಿಗೆ ಬೆಂಗಳೂರಿನಲ್ಲಿ ಅನಲಿಟಿಕ್ಸ್, ಬ್ಯಾಂಕಿಂಗ್ ರಿಸ್ಕ್ ಕೆಲಸಗಳು ಇದ್ದೇ ಇವೆ. ಅದಕ್ಕೆ ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ), ಎಕ್ಸೆಲ್ ಜೊತೆಗಿರಲಿ. ವಿಮೆಯ ಲೆಕ್ಕ ಇಷ್ಟವಾದರೆ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾದ ಪ್ರವೇಶ ಪರೀಕ್ಷೆ ಎಸಿಇಟಿ ಬರೆದು, ಡಿಗ್ರಿ ಜೊತೆಗೇ ಅದರ ಪೇಪರ್‌ಗಳನ್ನು ಶುರು ಮಾಡಬಹುದು. ಮೊದಲಿನ ಪೇಪರ್‌ಗಳು ನಿಮ್ಮ ಸಿಲಬಸ್‌ಗೆ ಹತ್ತಿರವೇ ಇರುತ್ತವೆ.

ಮಾಸ್ಟರ್ಸ್ ಓದುವವರು ಎರಡನೇ ವರ್ಷದ ಬೇಸಿಗೆಯಿಂದಲೇ ಹಳೆ ಪ್ರಶ್ನೆಪತ್ರಿಕೆ ಹಿಡಿಯಬೇಕು. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಕ್ವಾಂಟಿಟೇಟಿವ್ ಎಕನಾಮಿಕ್ಸ್ ಕೋರ್ಸ್‌ಗೆ ಎರಡು ಪೇಪರ್, ಒಂದು ಗಣಿತ, ಇನ್ನೊಂದು ಅರ್ಥಶಾಸ್ತ್ರ. ಇಎಂಎಸ್‌ನವರಿಗೆ ಹೇಳಿ ಮಾಡಿಸಿದ ಹಾಗಿದೆ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಮುಂಬೈನ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ, ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್ ಪಟ್ಟಿಯಲ್ಲಿರಲಿ. ವಿದೇಶದ ಯೋಚನೆ ಇದ್ದರೆ ಮೂರು ವರ್ಷದ ಡಿಗ್ರಿಯನ್ನು ಒಪ್ಪುತ್ತಾರಾ ಅಂತ ಪ್ರತಿ ವಿಶ್ವವಿದ್ಯಾಲಯದ ತಾಣದಲ್ಲಿ ನೋಡಿ. ಅಮೆರಿಕದ ಕೆಲವು ಕಡೆ ನಾಲ್ಕು ವರ್ಷ ಕೇಳುತ್ತಾರೆ.

ಸರ್ಕಾರಿ ಕೆಲಸದ ದಾರಿಯಲ್ಲಿ ಈ ಡಿಗ್ರಿಗೆ ಇರುವ ಅನುಕೂಲ ಬಹಳ ಜನಕ್ಕೆ ಗೊತ್ತೇ ಇಲ್ಲ. ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆಗೆ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು. ಆದರೆ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್‌ಗೆ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿರುವ ಡಿಗ್ರಿ ಸಾಕು. ವಯಸ್ಸು 21ರಿಂದ 30ರ ಒಳಗೆ, ಮೀಸಲಾತಿ ವರ್ಗಗಳಿಗೆ ಸಡಿಲಿಕೆ ಇದೆ. ಅಂದರೆ ಇಎಂಎಸ್ ಮುಗಿಸಿ ವಯಸ್ಸು ತುಂಬಿದ ಕೂಡಲೇ ಬರೆಯಬಹುದು. ಪೇಪರ್‌ಗಳ ಮಟ್ಟ ಎಂಎಸ್ಸಿಗೆ ಹತ್ತಿರ ಅನ್ನುವುದು ನೆನಪಿರಲಿ. ಕೇಂದ್ರದ ಸ್ಟಾಫ್ ಸೆಲೆಕ್ಷನ್ ಕಮಿಷನ್ (ಎಸ್‌ಎಸ್‌ಸಿ) ಡಿಗ್ರಿ ಆದವರಿಗೆ ನಡೆಸುವ ಸಿಜಿಎಲ್ ಪರೀಕ್ಷೆಯಲ್ಲಿ ಜೂನಿಯರ್ ಸ್ಟ್ಯಾಟಿಸ್ಟಿಕಲ್ ಆಫೀಸರ್, ಸ್ಟ್ಯಾಟಿಸ್ಟಿಕಲ್ ಇನ್ವೆಸ್ಟಿಗೇಟರ್ ಹುದ್ದೆಗಳಿವೆ. ರಾಜ್ಯದಲ್ಲಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಹುದ್ದೆಗಳಿಗೆ ಅರ್ಜಿ ಕರೆದಾಗ ಕಣ್ಣಿಟ್ಟಿರಿ.

ಮೂರೂ ವಿಷಯ ಕೊನೆವರೆಗೆ ಇರುತ್ತವಾ ಅಂತ ಮೊದಲೇ ಕೇಳಿ ಅಂದೆನಲ್ಲ, ಕಾರಣ ಇಲ್ಲಿದೆ. ಸ್ಟ್ಯಾಟಿಸ್ಟಿಕಲ್ ಇನ್ವೆಸ್ಟಿಗೇಟರ್ ಹುದ್ದೆಗೆ ಸಂಖ್ಯಾಶಾಸ್ತ್ರವನ್ನು ಮೂರೂ ವರ್ಷ ಅಥವಾ ಆರೂ ಸೆಮಿಸ್ಟರ್ ಓದಿರಬೇಕು ಅನ್ನುವ ಷರತ್ತು ಇದೆ. ಎರಡು ವರ್ಷ ಓದಿ ಬಿಟ್ಟವರು ದಾಖಲೆ ಪರಿಶೀಲನೆಯಲ್ಲಿ ಹೊರಗೆ ಬೀಳುತ್ತಾರೆ. ಹಾಗಾಗಿ ಮೂರನೇ ವರ್ಷಕ್ಕೆ ಒಂದು ವಿಷಯ ಕೈಬಿಡಲೇಬೇಕಾಗಿ ಬಂದರೆ, ಸರ್ಕಾರಿ ಕೆಲಸದ ಆಸೆ ಇರುವವರು ಸಂಖ್ಯಾಶಾಸ್ತ್ರವನ್ನು ಬಿಡಬೇಡಿ. ಪ್ರತಿ ಸೆಮಿಸ್ಟರ್‌ನ ಅಂಕಪಟ್ಟಿಯಲ್ಲಿ ವಿಷಯದ ಹೆಸರು ಸ್ಟ್ಯಾಟಿಸ್ಟಿಕ್ಸ್ ಅಂತಲೇ ಮುದ್ರಣವಾಗಿದೆಯಾ ಅಂತ ಕೈಗೆ ಬಂದ ದಿನವೇ ನೋಡಿ. ಬೇರೆ ಹೆಸರಿದ್ದರೆ ಕಾಲೇಜಿನಲ್ಲಿ ಇರುವಾಗಲೇ ಪ್ರಾಂಶುಪಾಲರಿಂದ ಒಂದು ಪತ್ರ ಬರೆಸಿ ಇಟ್ಟುಕೊಳ್ಳಿ. ಡಿಗ್ರಿ ಮುಗಿದು ಎರಡು ವರ್ಷ ಆದ ಮೇಲೆ ಅದೇ ಪತ್ರಕ್ಕೆ ಆಫೀಸಿನ ಸುತ್ತ ಅಲೆಯಬೇಕಾಗುತ್ತದೆ.